ಪದಚರ್ಚೆ: ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯೊಂದು ತನ್ನ ರೋಗಿಗಳಿಗೆ ಹಂಚಲಿರುವ ಎಂಟು ಪುಟಗಳ ಕೈಪಿಡಿಯ ಕನ್ನಡ ಕರಡು ತಿದ್ದುವುದಕ್ಕೆಂದು ನನ್ನ ಬಳಿ ಬಂದಿದೆ. ಕ್ಯಾನ್ಸರ್ ಹಬ್ಬಿದ ಬೆನ್ನುಮೂಳೆ ಕುಸಿದಾಗ, ಬೆನ್ನನ್ನು ಉದ್ದಕ್ಕೆ ಕೊಯ್ಯದೆ, ಸೂಜಿಯ ಮೂಲಕ ಸಿಮೆಂಟ್ ತುಂಬಿ ನೋವು ಇಳಿಸುವ ಚಿಕಿತ್ಸೆಯ ವಿವರ ಅದರಲ್ಲಿದೆ. ಮೊದಲ ವಾಕ್ಯ ಹೀಗಿದೆ: ‘ಇದು ರೋಗಶಾಸ್ತ್ರೀಯ ಬೆನ್ನುಹುರಿ ಮುರಿತಕ್ಕೆ ನೀಡಲಾಗುವ ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆಯಾಗಿದೆ.’ ಇಂಗ್ಲಿಷಿನ ‘ಮಿನಿಮಲಿ ಇನ್ವೇಸಿವ್ ಸರ್ಜರಿ’ಯನ್ನು ಹೀಗೆ ಕನ್ನಡಿಸಿದ್ದಾರೆ.

ನನ್ನ ಸೋದರತ್ತೆ ಎರಡು ವರ್ಷದ ಹಿಂದೆ ಇದೇ ಚಿಕಿತ್ಸೆ ಮಾಡಿಸಿಕೊಂಡವರು. ಸ್ತನದ ಕ್ಯಾನ್ಸರ್ ಬೆನ್ನಿನ ಮೂಳೆಗೆ ಹಬ್ಬಿತ್ತು. ಕರಡನ್ನು ಅವರ ಕೈಗೇ ಕೊಟ್ಟೆ. ಸಾಲಿನ ಕೆಳಗೆ ಬೆರಳಿಟ್ಟು ಓದುವುದು ಅವರ ರೂಢಿ. ಬೆರಳು ‘ಆಕ್ರಮಣಕಾರಿ’ಯ ಹತ್ತಿರ ನಿಂತಿತು. ‘ಇದು ಕಾಯಿಲೆಯ ಮಾತೋ, ಚಿಕಿತ್ಸೆಯ ಮಾತೋ?’ ಎಂದು ಕೇಳಿದರು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಎರಡನೆಯ ಪುಟದಲ್ಲಿ ‘ಆಕ್ರಮಣಕಾರಿ ಕ್ಯಾನ್ಸರ್’ ಎಂದೇ ಇದೆ. ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಗಡ್ಡೆಗೆ ಆ ಮಾತು ಒಪ್ಪುತ್ತದೆ. ಅದೇ ವಿಶೇಷಣವನ್ನು ಗಡ್ಡೆಯ ನೋವು ಕಳೆಯಲು ಬಂದ ವೈದ್ಯರಿಗೂ ತೊಡಿಸಿದರೆ ಓದುವವರು ಏನು ತಿಳಿಯಬೇಕು? ಜೊತೆಗೆ ಆ ‘ಕನಿಷ್ಠ’ ಬೇರೆ. ಕನಿಷ್ಠ ಕೂಲಿ, ಕನಿಷ್ಠ ಬೆಂಬಲ ಬೆಲೆ, ಕನಿಷ್ಠ ನೂರು ರೂಪಾಯಿಯಾದರೂ ಬೇಕು: ನಮ್ಮ ಬಳಕೆಯಲ್ಲಿ ಕನಿಷ್ಠ ಎಂದರೆ ಇದಕ್ಕಿಂತ ಕಡಿಮೆಯಾಗಕೂಡದು ಎಂಬ ಗೆರೆ. ಆ ಲೆಕ್ಕದಲ್ಲಿ ‘ಕನಿಷ್ಠ ಆಕ್ರಮಣ’ ಎಂದರೆ ಇಷ್ಟು ಆಕ್ರಮಣವಂತೂ ಖಾತರಿ ಎಂದಾಯಿತು! ಇಂಗ್ಲಿಷಿನ ಒಂದೊಂದು ಪದಕ್ಕೂ ನಿಘಂಟಿನಲ್ಲಿ ಸಿಕ್ಕ ಮೊದಲ ಅರ್ಥವನ್ನು ಅಂಟಿಸಿದ ಕೆಲಸ ಇದು.

ಬದಲಿಗೆ ಏನು ಎಂದು ಹುಡುಕಲು ಕುಳಿತಾಗ ಒಂದೊಂದರಲ್ಲೂ ಒಂದೊಂದು ಕೊಂಕು ಕಂಡಿತು. ‘ಸೂಜಿ ಚಿಕಿತ್ಸೆ’ ಎಂದರೆ ಜನ ಅಕ್ಯುಪಂಕ್ಚರ್ ಎಂದುಕೊಳ್ಳುತ್ತಾರೆ. ‘ಕಿರುಗಾಯದ ಚಿಕಿತ್ಸೆ’ ಎಂಬುದು ನನಗೆ ತುಂಬ ಹಿಡಿಸಿತ್ತು. ಆದರೆ ಜ್ವರದ ಚಿಕಿತ್ಸೆ ಎಂದರೆ ಜ್ವರಕ್ಕೆ ಮಾಡುವ ಚಿಕಿತ್ಸೆ ತಾನೆ? ಹಾಗಾದರೆ ಕಿರುಗಾಯದ ಚಿಕಿತ್ಸೆ ಎಂದರೆ ತರಚುಗಾಯಕ್ಕೆ ಅರಿಶಿನ ಹಚ್ಚುವುದು. ಷಷ್ಠಿ ವಿಭಕ್ತಿ ಇಲ್ಲಿ ಕೈಕೊಡುತ್ತದೆ. ‘ಕಿಂಡಿ ಶಸ್ತ್ರಚಿಕಿತ್ಸೆ’ಯನ್ನೂ ಯೋಚಿಸಿದೆ. ಉಡುಪಿಯಲ್ಲಿ ಕನಕನ ಕಿಂಡಿ ಇರುವಾಗ ಆ ಪದಕ್ಕೆ ವಿವರಣೆ ಬೇಕಾಗುವುದಿಲ್ಲ. ಆದರೆ ಕಿಂಡಿ ಇರುವುದು ಇಣುಕಿ ನೋಡಲಿಕ್ಕೆ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುವ ಲ್ಯಾಪರೋಸ್ಕೋಪಿಗೆ ಅದು ಹೊಂದುತ್ತದೆ. ಇಲ್ಲಿ ತೂತಿನ ಮೂಲಕ ಯಾರೂ ಏನನ್ನೂ ನೋಡುವುದಿಲ್ಲ. ನೋಟವೆಲ್ಲ ಎಕ್ಸ್-ರೇ ಪರದೆಯ ಮೇಲೆ.

ಅಂದ ಹಾಗೆ, ಸೂಜಿ ಎಂಬ ಮಾತಿಗೂ ಅತ್ತೆಯ ತಕರಾರಿದೆ. ಅವರನ್ನು ಬೋರಲಾಗಿ ಮಲಗಿಸಿ, ಮರವಿನ ಮದ್ದು ಕೊಟ್ಟು, ಚರ್ಮದಲ್ಲಿ ಸಣ್ಣ ಗೀರು ಹಾಕಿ, ಸುಮಾರು ಮೂರು ಮಿಲಿಮೀಟರ್ ದಪ್ಪದ ಟೊಳ್ಳು ಸೂಜಿಯನ್ನು ಪುಟ್ಟ ಸುತ್ತಿಗೆಯಿಂದ ಬಡಿದು ಮೂಳೆಯೊಳಕ್ಕೆ ಇಳಿಸಿದ್ದರು. ನೋವು ಅಷ್ಟಾಗಿ ಇರಲಿಲ್ಲವಂತೆ, ಟಕ್ ಟಕ್ ಸದ್ದು ಮಾತ್ರ ಮೈಯೊಳಗಿಂದಲೇ ಕೇಳುತ್ತಿತ್ತಂತೆ. ‘ಸೂಜಿ ಎಂದು ಬರೆಯಬೇಡಪ್ಪ, ಅದು ಗೋಣಿಚೀಲ ಹೊಲಿಯುವ ದಬ್ಬಳ’ ಎಂದರು. ಕೈಪಿಡಿಯಲ್ಲಿ ದಬ್ಬಳ ಎಂದು ಬರೆದರೆ ರೋಗಿಗಳು ಹಾಸಿಗೆಯಿಂದಲೇ ಎದ್ದು ಓಡಿಯಾರು. ಹಾಗಾಗಿ ‘ದಪ್ಪ ಸೂಜಿ’ ಎಂದು ರಾಜಿಯಾಗಿದ್ದೇನೆ.

ಇನ್ನು ‘ಬೆನ್ನುಹುರಿ ಮುರಿತ’. ಇದನ್ನು ಬರಿಯ ಪದದ ತಪ್ಪೆಂದು ಬಿಡುವ ಹಾಗಿಲ್ಲ. ಪತ್ರಿಕೆಗಳಲ್ಲೂ ಬೆನ್ನುಮೂಳೆ ಎನ್ನಬೇಕಾದ ಕಡೆ ಬೆನ್ನುಹುರಿ ಎಂದು ಧಾರಾಳವಾಗಿ ಬರೆಯುತ್ತಾರೆ. ಆದರೆ ಹುರಿ ಎಂದರೆ ಹೊಸೆದ ದಾರ, ಮೂಳೆಗಳ ಒಳಗೆ ಹಾದುಹೋಗುವ ನರದ ಹುರಿ. ಕ್ರಿಯಾಪದವೇ ಇಲ್ಲಿ ಎಚ್ಚರಿಸಬೇಕಿತ್ತು: ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ, ಹುರಿ ಕಡಿಯುತ್ತದೆ. ಹುರಿ ಮುರಿಯಿತು ಎಂದು ಕನ್ನಡದ ಕಿವಿಗೆ ಕೇಳಿಸುವುದೇ ಇಲ್ಲ. ಐದನೆಯ ಪುಟದಲ್ಲಂತೂ ‘ಬೆನ್ನುಹುರಿಯೊಳಗೆ ಸಿಮೆಂಟ್ ಚುಚ್ಚಲಾಗುತ್ತದೆ’ ಎಂದು ಬರೆದುಬಿಟ್ಟಿದ್ದಾರೆ. ಸಿಮೆಂಟ್ ಸೋರಿ ಹುರಿಯನ್ನು ಒತ್ತುವುದೇ ಈ ಚಿಕಿತ್ಸೆಯಲ್ಲಿ ದೊಡ್ಡ ಭಯ. ಮೂಳೆಯ ಹಿಂಗೋಡೆಯ ಕಡೆಗೆ ಅದು ಸರಿಯುವುದು ಪರದೆಯಲ್ಲಿ ಕಂಡರೆ ವೈದ್ಯರು ಅಲ್ಲಿಗೇ ನಿಲ್ಲಿಸುತ್ತಾರೆ. ಆಗಬಾರದ ಅನಾಹುತವನ್ನೇ ಚಿಕಿತ್ಸಾ ವಿಧಾನವೆಂದು ಅಚ್ಚು ಹಾಕಿಸಲು ಹೊರಟಿದ್ದರು.

ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಗೆ ಏನೆನ್ನೋಣ? ‘ಕಶೇರುಕ’ ಎಂದರೆ ಶಾಲೆಯಲ್ಲಿ ಓದಿದವರಿಗೆ ಬೆನ್ನೆಲುಬುಳ್ಳ ಪ್ರಾಣಿ ನೆನಪಾಗುತ್ತದೆ. ‘ಕಶೇರುಕ ಕುಸಿದಿದೆ’ ಎಂದರೆ ಹಸುವೋ ಎಮ್ಮೆಯೋ ಬಿದ್ದ ಹಾಗೆ. ‘ಕಶೇರುಮಣಿ’ಯಲ್ಲಿರುವ ಮಣಿಯನ್ನು ಉಳಿಸಿಕೊಂಡು ‘ಬೆನ್ನುಮಣಿ’ ಎಂದಿದ್ದೇನೆ. ಪೋಣಿಸಿದ ಮಣಿಸರದೊಳಗೆ ದಾರ ಹಾದ ಹಾಗೆ ಹುರಿ ಹಾಯುತ್ತದೆ, ಚಿತ್ರವೂ ಸರಿಹೋಗುತ್ತದೆ.

‘ರೋಗಶಾಸ್ತ್ರೀಯ ಮುರಿತ’ವನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶಾಸ್ತ್ರೀಯ ಸಂಗೀತದ ಹಾಗೆ ಶಾಸ್ತ್ರೀಯವಾಗಿ ಮುರಿಯಿತೇ? ಬಿದ್ದು ಪೆಟ್ಟಾಗದೆ, ರೋಗ ಒಳಗಿಂದ ಮೂಳೆಯನ್ನು ತಿಂದದ್ದರಿಂದ ಆದದ್ದು ಎಂದಷ್ಟೇ ಹೇಳಬೇಕಿತ್ತು. ‘ರೋಗಜನ್ಯ’ ಆಗಬಹುದು, ಆದರೆ ರೋಗಾಣುವಿಗೆ ಹೇಳುವ ‘ರೋಗಜನಕ’ ಪಕ್ಕದಲ್ಲೇ ಕುಳಿತು ಗೊಂದಲ ಮಾಡುತ್ತದೆ. ಮುರಿತ ಎಂಬ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆನ್ನುಮೂಳೆ ಮುರಿಯಿತು ಎಂದರೆ ನಮ್ಮಲ್ಲಿ ಬದುಕೇ ಮುಗಿಯಿತು ಎಂಬ ಧ್ವನಿ ಬರುತ್ತದೆ. ಇಲ್ಲಿ ನಡೆಯುವುದು ನೆಗ್ಗುವುದು: ಕೆಳಗೆ ಬಿದ್ದ ಕೊಡ ನೆಗ್ಗಿದ ಹಾಗೆ ಮಣಿ ತನ್ನ ಮೇಲಿನ ಭಾರಕ್ಕೇ ನೆಗ್ಗುತ್ತದೆ, ಹೆಚ್ಚಾಗಿ ಮುಂದುಗಡೆ. ಆಗ ಅದು ಬೆಣೆಯ ಆಕಾರಕ್ಕೆ ಬಂದು ಬೆನ್ನು ಗೂನಾಗುತ್ತದೆ. ಅತ್ತೆ ಅರ್ಧ ಬಕೆಟ್ ನೀರು ಎತ್ತಿದ್ದರು, ಅಷ್ಟೆ. ಮೂರು ವಾರ ಅದನ್ನು ಚಳುಕು ಎಂದುಕೊಂಡು ಎಣ್ಣೆ ನೀವಿಸಿಕೊಂಡರು. ‘ಕುಸಿತ’ ಎಂದು ಹಾಕಿದ್ದೇನೆ. ‘ನೆಗ್ಗು’ ಇನ್ನೂ ಸರಿಯಾದ ಮಾತು, ಆದರೆ ವೈದ್ಯರು ಒಪ್ಪುತ್ತಾರೋ ಇಲ್ಲವೋ.

ಚಿಕಿತ್ಸೆಗಳ ಹೆಸರನ್ನು ಕನ್ನಡಿಸುವ ಗೋಜಿಗೆ ಹೋಗಿಲ್ಲ. ವರ್ಟೆಬ್ರೊಪ್ಲಾಸ್ಟಿ, ಕೈಫೊಪ್ಲಾಸ್ಟಿ ಎಂದು ರೋಗಿಯ ಕಡತದಲ್ಲಿ ಬರೆದಿರುತ್ತಾರೆ, ಆ ಹೆಸರು ಅವರಿಗೆ ಗೊತ್ತಿರಬೇಕು. ಮೊದಲನೆಯದು ಹುಟ್ಟಿದ್ದು 1984ರಲ್ಲಿ, ಫ್ರಾನ್ಸಿನ ಅಮಿಯಾಂ ಊರಿನಲ್ಲಿ. ಗಾಲಿಬೇರ್ ಮತ್ತು ದೆರಾಮೋಂ ಎಂಬ ವೈದ್ಯರು ಕತ್ತಿನ ಎರಡನೆಯ ಮಣಿಯಲ್ಲಿದ್ದ ರಕ್ತನಾಳದ ಗಡ್ಡೆಗೆ ಸಿಮೆಂಟ್ ತುಂಬಿದ್ದರು. ಅದು ಕ್ಯಾನ್ಸರ್ ಆಗಿರಲಿಲ್ಲ. ಎರಡನೆಯದರಲ್ಲಿ ಮೊದಲು ಬಲೂನ್ ಉಬ್ಬಿಸಿ ಕುಸಿದ ಮಣಿಯನ್ನು ಆದಷ್ಟು ಎತ್ತಿ, ಆದ ಪೊಳ್ಳಿಗೆ ಸಿಮೆಂಟ್ ಹಾಕುತ್ತಾರೆ. ಗ್ರೀಕಿನಲ್ಲಿ ಕೈಫೋಸ್ ಎಂದರೆ ಗೂನು. ಪ್ಲಾಸ್ಟಿ ಎಂಬುದು ಅಚ್ಚಿಗೆ ತರು, ರೂಪ ಕೊಡು ಎಂಬ ಧಾತುವಿನಿಂದ ಬಂದದ್ದು, ಪ್ಲಾಸ್ಟಿಕ್ಕಿನ ಒಡಹುಟ್ಟು.

ತಮಾಷೆಯೆಂದರೆ ಈ ಸಿಮೆಂಟೂ ನಿಜಕ್ಕೂ ಪ್ಲಾಸ್ಟಿಕ್ಕೇ, ಅಕ್ರಿಲಿಕ್. ಅತ್ತೆಯ ಹಲ್ಲುಸೆಟ್ಟಿನ ಗುಲಾಬಿ ವಸಡಿನ ಜಾತಿಯದು. ಪುಡಿಗೆ ದ್ರವ ಬೆರೆಸುತ್ತಾರೆ, ಎಕ್ಸ್-ರೇಯಲ್ಲಿ ಕಾಣಲೆಂದು ಬೇರಿಯಂ ಸಲ್ಫೇಟ್ ಸೇರಿರುತ್ತದೆ. ತೆಳ್ಳಗಿದ್ದರೆ ರಕ್ತನಾಳಕ್ಕೆ ಸೋರಿ ಶ್ವಾಸಕೋಶದ ತನಕ ಹೋಗಬಹುದು, ಗಟ್ಟಿಯಾದರೆ ಸೂಜಿಯಿಂದ ಇಳಿಯುವುದಿಲ್ಲ. ಕರಡಿನಲ್ಲಿ ಇದಕ್ಕೆ ‘ಸೂಕ್ತ ಸ್ನಿಗ್ಧತೆಯ ಸ್ಥಿರತೆಯನ್ನು ಸಾಧಿಸಿದ ನಂತರ’ ಎಂದಿತ್ತು. ಹೊಡೆದು ಹಾಕಿ ‘ಹದಕ್ಕೆ ಬಂದ ಮೇಲೆ’ ಎಂದು ಬರೆದೆ. ಪಾಕ ಮಾಡುವವರ, ಗಾರೆ ಕಲೆಸುವವರ, ಹೊಲ ಉಳುವವರ ಈ ಪದಕ್ಕೆ ಇಂಗ್ಲಿಷಿನಲ್ಲಿ ಸಾಟಿ ಇಲ್ಲ ಎಂದು ನನಗೆ ಸ್ವಲ್ಪ ಜಂಬವೂ ಆಯಿತು.

ಇನ್ನೊಂದು ಪದಕ್ಕೂ ನೆರವು ಬೇಕು: ಹೋಲಿಕೆಗೆಂದು, ರೋಗಿಗೆ ಗೊತ್ತಾಗದ ಹಾಗೆ, ಚಿಕಿತ್ಸೆ ಮಾಡಿದಂತೆ ನಟಿಸುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಶ್ಯಾಮ್ ಸರ್ಜರಿ’ಗೆ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಮೂಳೆ ಸವೆತದಿಂದ ಕುಸಿದವರಿಗೆ ಸಿಮೆಂಟ್ ತುಂಬಿದ್ದಕ್ಕೂ ತುಂಬಿದ ಹಾಗೆ ಮಾಡಿದ್ದಕ್ಕೂ ನೋವಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ, 134 ಜನರ ಅಧ್ಯಯನದಲ್ಲಿ ಕೈಫೊಪ್ಲಾಸ್ಟಿಯಿಂದ ಅನುಕೂಲ ಕಂಡಿತು. ಆದರೆ ಅಲ್ಲಿ ಹೋಲಿಸಿದ್ದು ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಯೊಂದಿಗೆ. ‘ತುಂಬಿದ ಹಾಗೆ ಮಾಡುವುದ’ನ್ನು ಕರಡು ‘ನಕಲಿ ಶಸ್ತ್ರಚಿಕಿತ್ಸೆ’ ಎಂದಿದೆ. ನಕಲಿ ವೈದ್ಯರ ಸುದ್ದಿ ದಿನವೂ ಓದುವವರಿಗೆ ಅದು ಮೋಸವೆಂದೇ ಕೇಳಿಸುತ್ತದೆ. ‘ತೋರಿಕೆಯ ಚಿಕಿತ್ಸೆ’ ಸಾಕೇ?

ಸದ್ಯಕ್ಕೆ ಮೊದಲ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಕ್ಯಾನ್ಸರ್‌ನಿಂದ ಕುಸಿದ ಬೆನ್ನುಮಣಿಗೆ, ಬೆನ್ನನ್ನು ಕೊಯ್ದು ತೆರೆಯದೆ, ದಪ್ಪ ಸೂಜಿಯ ಮೂಲಕ ಮಾಡುವ ಚಿಕಿತ್ಸೆ ಇದು. ನೋವು ಕಡಿಮೆ ಮಾಡುವುದು ಇದರ ಗುರಿ. ಕ್ಯಾನ್ಸರಿಗೆ ಬೇರೆ ಚಿಕಿತ್ಸೆ ಮುಂದುವರಿಯುತ್ತದೆ.’ ಅತ್ತೆಯ ಬೆರಳು ಎಲ್ಲೂ ನಿಲ್ಲಲಿಲ್ಲ. ಆದರೆ ಆಸ್ಪತ್ರೆಯವರು ಒಪ್ಪಿಗೆ ಪತ್ರದ ತಲೆಬರಹಕ್ಕೆ ಒಂದೇ ಪದಪುಂಜ ಬೇಕು ಎನ್ನುತ್ತಿದ್ದಾರೆ, ವಾಕ್ಯ ಬೇಡವಂತೆ. ‘ಅಲ್ಪಛೇದ ಶಸ್ತ್ರಚಿಕಿತ್ಸೆ’ ಮತ್ತು ‘ಕಿರುಕೊಯ್ತದ ಶಸ್ತ್ರಚಿಕಿತ್ಸೆ’ ಇವೆರಡರ ನಡುವೆ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು ಸಂಸ್ಕೃತದ ಬಿಗಿಯಲ್ಲಿದೆ, ಎರಡನೆಯದರಲ್ಲಿ ಮತ್ತೆ ಅದೇ ಷಷ್ಠಿಯ ಕಾಟ. ಮೂರನೆಯದು ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಶುಕ್ರವಾರದೊಳಗೆ ತಿಳಿಸಿ, ಶನಿವಾರ ಕರಡು ಅಚ್ಚಿಗೆ ಹೋಗುತ್ತದೆ.