ಅಂಗನವಾಡಿ ಕೆಲಸದ ಜೊತೆ ಡಿಗ್ರಿ: ಸ್ಕಾಲರ್‌ಶಿಪ್ ಯಾರಿಗೆ ಬರುತ್ತೆ? (ಪ್ರಶ್ನೋತ್ತರ, ಹಾಸನ–ಚಿಕ್ಕಮಗಳೂರು)

ಉತ್ತರಿಸುವವರು: ಪದವಿ ಕಾಲೇಜೊಂದರಲ್ಲಿ ಸ್ಕಾಲರ್‌ಶಿಪ್ ಅರ್ಜಿ ನೋಡಿಕೊಳ್ಳುವವರು. ಗ್ರೂಪಿನಲ್ಲಿ ಬರೆದ ಉಳಿದವರನ್ನು ಅವರ ಊರಿನ ಹೆಸರಲ್ಲಿ ಕೊಟ್ಟಿದೆ.

ಅರಸೀಕೆರೆ: ಸರ್, ಅಂಗನವಾಡಿ ಕಾರ್ಯಕರ್ತೆಯರಿಗೆ ಅಂತಲೇ ಸ್ಕಾಲರ್‌ಶಿಪ್ ಇದೆಯಂತೆ. ಎಲ್ಲಿ ಅರ್ಜಿ ಹಾಕೋದು?

ಉತ್ತರ: ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ನೀವು ಮಾಡೋ ಕೆಲಸ ನೋಡಿ ಕೊಡಲ್ಲ. ಜಾತಿ, ಆದಾಯ, ಕೋರ್ಸು ನೋಡ್ತಾರೆ. ಎಸ್‌ಸಿ ಪೋಸ್ಟ್ ಮೆಟ್ರಿಕ್‌ಗೆ (ಎಸ್‌ಎಸ್‌ಎಲ್‌ಸಿ ಆದ ಮೇಲಿನ ಓದಿನ ಸ್ಕಾಲರ್‌ಶಿಪ್) ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ, ಅಂದ್ರೆ ತಿಂಗಳಿಗೆ ಸುಮಾರು 20,833.

ಬೇಲೂರು: ನಾನು ಎಸ್‌ಸಿ, ಪಿಯುಸಿ ಆಗಿದೆ. ಯಜಮಾನರು ಕಾಫಿ ತೋಟದ ಕೂಲಿ. ಅಪ್ಪನ ಹೆಸರಲ್ಲಿ ಆದಾಯ ಪತ್ರ ಮಾಡಿಸಿ, ರೆಗ್ಯುಲರ್ ಬಿ.ಎ.ಗೆ ಸೇರಿ, ಪರೀಕ್ಷೆಗೆ ಮಾತ್ರ ಹೋಗಿ ಅಂತ ಸೈಬರ್ ಅಂಗಡಿಯಲ್ಲಿ ಹೇಳಿದ್ರು. ಮಾಡಬಹುದಾ ಸರ್?

ಉತ್ತರ: ಖಂಡಿತ ಬೇಡಮ್ಮ. ರೆಗ್ಯುಲರ್ ಅಂದ್ರೆ ಶೇ. 75 ಹಾಜರಾತಿ. ಅದೇ ಹೊತ್ತಲ್ಲಿ ನೀವು ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಕೇಂದ್ರ ತೆರೆದು ಮಕ್ಕಳ ಹಾಜರಿ ಹಾಕಿರ್ತೀರಿ. ಯಾರಾದ್ರೂ ಒಂದು ದೂರು ಕೊಟ್ಟರೆ ಎರಡು ದಾಖಲೆನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ದುಡ್ಡು ವಾಪಸ್ ಕಟ್ಟೋದು ಹಾಗಿರಲಿ, ಕೆಲಸಕ್ಕೇ ಕುತ್ತು. ಆ ಅಂಗಡಿಯವರು ಆಗ ನಿಮ್ಮ ಪರ ಬರಲ್ಲ.

ಕೆಲಸ ಬಿಡದೆ ಓದೋಕೆ ಮುಕ್ತ ವಿಶ್ವವಿದ್ಯಾಲಯ ಇದೆ, ಅದರ ಪ್ರಾದೇಶಿಕ ಕೇಂದ್ರ ಹಾಸನದಲ್ಲೇ ಇದೆ. ಎಸ್‌ಸಿ ಪೋಸ್ಟ್ ಮೆಟ್ರಿಕ್ ನಿಯಮ ದೂರ ಶಿಕ್ಷಣವನ್ನ ಹೊರಗಿಟ್ಟಿಲ್ಲ. ಜಾತಿ ಪತ್ರ ತಂದೆ ಕಡೆಯದ್ದೇ ಇರಲಿ, ಜಾತಿ ಹುಟ್ಟಿನಿಂದ ಬಂದದ್ದು. ಆದಾಯ ಪತ್ರ ಮಾತ್ರ ಈಗಿನ ಮನೆಯದು ಬೇಕು. ನಾಡಕಚೇರಿಯಲ್ಲಿ ನಿಮ್ಮ ಗೌರವಧನ, ಯಜಮಾನರ ಕೂಲಿ ಎರಡನ್ನೂ ಹೇಳಿ. ಎರಡೂ ಸೇರಿ ಮಿತಿಯೊಳಗಿದ್ರೆ ಮುಚ್ಚಿಡೋದು ಯಾಕೆ?

ಕಡೂರು: ನಾವು ಸರ್ಕಾರಿ ನೌಕರರು, ಸ್ಕಾಲರ್‌ಶಿಪ್ ಬರೋದೇ ಇಲ್ಲ. ಸುಮ್ಮನೆ ಆಸೆ ಹುಟ್ಟಿಸಬೇಡಿ.

ಆಲೂರು: ಯಾವ ಸೀಮೆ ನೌಕರರು ಕಣ್ರೀ? ಅಂಗನವಾಡಿಯವರದ್ದೇ ಅಮೀರ್‌ಬಿ ಕೇಸಲ್ಲಿ 2006ರಲ್ಲೇ ಸುಪ್ರೀಂ ಕೋರ್ಟು ನಮ್ಮದು ಸಿವಿಲ್ ಹುದ್ದೆ, ಅಂದ್ರೆ ಸರ್ಕಾರಿ ಹುದ್ದೆ ಅಲ್ಲ ಅಂದಿದೆ.

ಕಡೂರು: 2022ರಲ್ಲಿ ನಮಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ಇಡಿಗಂಟು) ಕೊಡಿ ಅಂದಿದ್ದೂ ಅದೇ ಕೋರ್ಟು. ಪೂರ್ತಿ ಓದ್ಕೊಂಡು ಬನ್ನಿ.

ಆಲೂರು: ಗ್ರಾಚ್ಯುಟಿ ಬೇರೆ, ಹುದ್ದೆ ಬೇರೆ. ಅಷ್ಟೂ ಗೊತ್ತಿಲ್ಲದೆ ಬೇರೆಯವರ ಓದಿಗೆ ಯಾಕೆ ಕಲ್ಲು ಹಾಕ್ತೀರಿ?

ಉತ್ತರ: ಎರಡು ತೀರ್ಪೂ ಇವೆ. ಅರ್ಜಿಗೆ ಬೇಕಿರೋದು ಆದಾಯ. ಇಲ್ಲಿಗೆ ಬಿಡಿ.

ಮೂಡಿಗೆರೆ: ಮಂಜೂರು ಅಂತ ತೋರಿಸುತ್ತೆ, ಪಾಸ್‌ಬುಕ್‌ಗೆ ಬಂದಿಲ್ಲ.

ಉತ್ತರ: ದುಡ್ಡು ಆಧಾರ್ ಹಿಡಿದು ಹೋಗುತ್ತೆ. ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳೋ ಸಂಸ್ಥೆ) ಕೊನೆಗೆ ಯಾವ ಖಾತೆ ಜೋಡಣೆ ಆಗಿದೆಯೋ ಅದಕ್ಕೆ ಬೀಳುತ್ತೆ. ಗೃಹಲಕ್ಷ್ಮಿಯ 2,000 ಬರೋ ಖಾತೆ ನೋಡಿ.

ಸಕಲೇಶಪುರ: ನಾನು ಸಹಾಯಕಿ, ಎಸ್‌ಎಸ್‌ಎಲ್‌ಸಿ ಮಾತ್ರ. ಪಿಯುಸಿ ಖಾಸಗಿಯಾಗಿ ಕಟ್ಟಿದ್ರೆ ಸ್ಕಾಲರ್‌ಶಿಪ್ ಇದೆಯಾ?

ತರೀಕೆರೆ: 👇 ಓದುವ ಎಲ್ಲ ಹೆಣ್ಣುಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್. ಇಂದೇ ಕೊನೆ ದಿನ. ಲಿಂಕ್ ಒತ್ತಿ, 10 ಗ್ರೂಪಿಗೆ ಕಳಿಸಿ.

ಉತ್ತರ: ಯಾರೂ ಒತ್ತಬೇಡಿ. ಗ್ರೂಪಿಗೆ ಕಳಿಸಿದ್ರೆ ಸಿಗೋ ಸೌಲಭ್ಯ ಯಾವ ಇಲಾಖೆಯಲ್ಲೂ ಇಲ್ಲ. ಅಲ್ಲಿ ಆಧಾರ್, ಓಟಿಪಿ ಕೊಟ್ಟರೆ ಖಾತೆ ಖಾಲಿ. ಎಸ್‌ಎಸ್‌ಪಿ ವಿಳಾಸ 'ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್' ಅಂತಲೇ ಮುಗಿಯುತ್ತೆ. ದಯವಿಟ್ಟು ಅಳಿಸಿ.

ತರೀಕೆರೆ: ಬಂದದ್ದು ಕಳಿಸಿದೆ ಅಷ್ಟೆ. ಅದಕ್ಯಾಕೆ ಇಷ್ಟು ಸಿಟ್ಟು?

ಆಲೂರು: ದುಡ್ಡು ಹೋದ್ರೆ ನೀವು ಕಟ್ಟಿಕೊಡ್ತೀರಾ?

ಕೊಪ್ಪ: ಬಿ.ಎ. ಆಗಿದೆ, ಇನ್ನೊಂದು ಬಿ.ಎ. ಮಾಡಿದ್ರೆ?

ಉತ್ತರ: ಅದೇ ಮಟ್ಟದ ಎರಡನೇ ಡಿಗ್ರಿಗೆ ಪೋಸ್ಟ್ ಮೆಟ್ರಿಕ್ ಬರಲ್ಲ.

ಹೊಳೆನರಸೀಪುರ: ಸರ್, ಮಂಜೂರಾಗಿದೆ, ದುಡ್ಡು ಬಂದಿಲ್ಲ.

ಉತ್ತರ: ಮೂಡಿಗೆರೆಯವರಿಗೆ ಬರೆದಿದ್ದು ಓದಿ.

ಬೇಲೂರು: ಸರ್, ಆಧಾರ್‌ನಲ್ಲಿ ಯಜಮಾನರ ಹೆಸರು ಸೇರಿದೆ, ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್. ಯಾವುದನ್ನ ತಿದ್ದಿಸಲಿ?

ಉತ್ತರ: ಆಧಾರ್. ಅಂಕಪಟ್ಟಿಯಲ್ಲಿ ಇರೋ ಹಾಗೇ, ಒಂದು ಅಕ್ಷರವೂ ಬಿಡದೆ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಎರಡೇ ಸಲ ಅವಕಾಶ, ಹಾಗಾಗಿ ರಸೀದಿ ಕೈಗೆ ಬಂದ ತಕ್ಷಣ ಓದಿ ನೋಡಿ. ಅದು ಸರಿಯಾದ ಮೇಲೆ ಆದಾಯ ಪತ್ರ, ಆಮೇಲೆ ಅರ್ಜಿ.