ಸ್ವಯಂಸೇವಕರ ಖರ್ಚಿಗೆ ಗ್ರ್ಯಾಂಟ್ ಕೊಡುವವರು ಯಾರಾದರೂ ಇದ್ದಾರಾ?

ಸಂಜೆಪಾಠ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಸಂಸ್ಥೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುತ್ತೇವೆ. ಸಂಬಳದವರು ಇಬ್ಬರೇ, ಉಳಿದದ್ದೆಲ್ಲ ನಡೆಯುವುದು 40 ಜನ ಸ್ವಯಂಸೇವಕರಿಂದ. ಕಳೆದ ವರ್ಷ ಅವರಲ್ಲಿ 22 ಜನ ಅರ್ಧಕ್ಕೇ ಬಿಟ್ಟರು. ಜಗಳ ಗಿಗಳ ಏನೂ ಇಲ್ಲ. ಬಸ್ಸಿನ ಖರ್ಚು ಅವರದೇ ಕೈಯಿಂದ ಹೋಗುತ್ತದೆ, ಬಂದ ಮೇಲೆ ಯಾವ ಮಗುವಿಗೆ ಏನು ಕಲಿಸಬೇಕು ಅಂತ ಹೇಳುವವರಿಲ್ಲ, ಹೊಸಬರಿಗೆ ತರಬೇತಿ ಅಂದರೆ ಅರ್ಧ ಗಂಟೆ ಮಾತು, ಅಷ್ಟೇ. ಹೀಗಿದ್ದರೆ ಯಾರು ತಾನೇ ಎಷ್ಟು ದಿನ ಬರುತ್ತಾರೆ?

ಇವರನ್ನು ನೋಡಿಕೊಳ್ಳೋಕೆ ಒಬ್ಬ ಕೋಆರ್ಡಿನೇಟರ್, ಓಡಾಟದ ಖರ್ಚು, ಸರಿಯಾದ ತರಬೇತಿ. ಇಷ್ಟಕ್ಕೆ ದುಡ್ಡು ಬೇಕು. ‘ಸ್ವಯಂಸೇವಕರ ಬೆಂಬಲ ಯೋಜನೆ’ ಅಂತ ಹೆಸರಿಟ್ಟು ಏಳು ಕಡೆ ಅರ್ಜಿ ಹಾಕಿದೆ. ಐದು ಕಡೆಯಿಂದ ಉತ್ತರವೇ ಇಲ್ಲ, ಒಬ್ಬರು ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು, ಇನ್ನೊಬ್ಬರು ಫೋನ್ ಮಾಡಿ "ಸ್ವಯಂಸೇವಕರು ಅಂದ್ಮೇಲೆ ಪುಕ್ಕಟೆ ಅಲ್ವಾ, ಅವರಿಗ್ಯಾಕೆ ದುಡ್ಡು?" ಅಂತ ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ. ಇದಕ್ಕೇ ಅಂತ ಗ್ರ್ಯಾಂಟ್ ಇರುತ್ತಾ? ಇದ್ದರೆ ಎಲ್ಲಿ ಹುಡುಕೋದು?

ಅರ್ಜಿ ಓದುವವ:

ಒಂದು ಚಿಕ್ಕ ಟ್ರಸ್ಟಿನಲ್ಲಿ ಕೆಲವು ವರ್ಷ ಅರ್ಜಿಗಳನ್ನು ಓದುವ ಕೆಲಸ ಮಾಡಿದ್ದೇನೆ, ಅದಕ್ಕೇ ನೇರವಾಗಿ ಹೇಳ್ತೀನಿ. ನಿಮ್ಮ ಅರ್ಜಿ ಬಿದ್ದದ್ದು ಹೆಸರಿನಲ್ಲೇ. ಸ್ವಯಂಸೇವಕರಿಗೇ ಅಂತ ಮೀಸಲಾದ ಗ್ರ್ಯಾಂಟ್ ಇಲ್ಲವೇ ಇಲ್ಲ ಅಂತಲ್ಲ, ಆದರೆ ತೀರಾ ಕಮ್ಮಿ. ಮಕ್ಕಳ ಓದಿಗೆ ಅಂತ ಕೊಡುವವರು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಮಕ್ಕಳ ಓದಿಗೆ ಅಂತಲೇ ಕೇಳಿ. ಮೊದಲ ಸಾಲಿನಲ್ಲಿ ಮಕ್ಕಳು ಇರಲಿ: ಎಷ್ಟು ಮಕ್ಕಳು, ಬಂದಾಗ ಏನು ಓದುತ್ತಿದ್ದರು, ವರ್ಷದ ಕೊನೆಗೆ ಏನು ಓದುವಂತಾಗಬೇಕು. ಆ ಕೆಲಸ ಆಗಬೇಕಾದರೆ ಪಾಠ ಹೇಳುವವರು ಬೇಕು, ಅವರು ವರ್ಷ ಪೂರ್ತಿ ಉಳಿಯಬೇಕು, ಅದಕ್ಕೆ ಕೋಆರ್ಡಿನೇಟರ್ ಮತ್ತು ತರಬೇತಿ ಬೇಕು. ಇದೆಲ್ಲ ಬಜೆಟ್ಟಿನೊಳಗೆ ಬರುವ ಸಾಲುಗಳು, ಅರ್ಜಿಯ ತಲೆಬರಹ ಅಲ್ಲ. ಕೋಆರ್ಡಿನೇಟರ್ ಸಂಬಳವನ್ನು ಆಡಳಿತ ಖರ್ಚು ಅಂತ ಬರೆಯಬೇಡಿ, ಅದಕ್ಕೆ ಹಲವು ಕಡೆ ಮಿತಿ ಇರುತ್ತದೆ. ಆ ವ್ಯಕ್ತಿ ನಿಜವಾಗಿ ಪಾಠದ ಕೆಲಸವನ್ನೇ ನಡೆಸುವುದಾದರೆ ಅದು ಕಾರ್ಯಕ್ರಮದ ಖರ್ಚು. ಸುಮ್ನೆ ಹೆಸರು ಬದಲಾಯಿಸಿದರೆ ಮಾತ್ರ ಆಡಿಟ್‌ನಲ್ಲಿ ಸಿಕ್ಕಿಬೀಳ್ತೀರಿ.

ಹುಡುಕುವ ವಿಷಯ. ನಿಮ್ಮಂಥದ್ದೇ ಕೆಲಸ ಮಾಡುವ ಹತ್ತು ಸಂಸ್ಥೆಗಳ ವಾರ್ಷಿಕ ವರದಿ ತೆಗೆದು ಕೊನೆಯ ಪುಟ ನೋಡಿ. ಯಾರಿಗೆ ಧನ್ಯವಾದ ಹೇಳಿದ್ದಾರೋ ಅವರೇ ನಿಮ್ಮ ಪಟ್ಟಿ. ಆಮೇಲೆ ಆ ದಾನಿಗಳು ಹಿಂದೆ ಯಾರಿಗೆ, ಎಷ್ಟೆಷ್ಟು ಕೊಟ್ಟಿದ್ದಾರೆ ನೋಡಿ. ದೊಡ್ಡ ಮೊತ್ತ ಮಾತ್ರ ಕೊಡುವವರ ಹತ್ತಿರ ಚಿಕ್ಕದು ಕೇಳಿದರೂ ಕೆಲಸ ಆಗಲ್ಲ. ಅರ್ಜಿಗೆ ಮುಂಚೆ ಒಂದು ಪುಟದ ಕಾನ್ಸೆಪ್ಟ್ ನೋಟ್, ಅಂದರೆ ಯೋಜನೆಯ ಸಾರಾಂಶ, ಕಳಿಸಬಹುದಾ ಅಂತ ಕೇಳಿ. ಬೇಡ ಅಂದರೆ ಪೂರ್ತಿ ಅರ್ಜಿ ಬರೆಯುವ ನಿಮ್ಮ ಮೂರು ವಾರ ಉಳಿಯಿತು.

ಲೆಕ್ಕದ ಪುಸ್ತಕ:

ಮೇಲಿನವರು ಹೇಳಿದ್ದು ಸರಿ, ಆದರೆ "ಪುಕ್ಕಟೆ ಅಲ್ವಾ" ಅನ್ನೋ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. 40 ಜನ, ವಾರಕ್ಕೆ 3 ಗಂಟೆ, ವರ್ಷಕ್ಕೆ 40 ವಾರ ಅಂದುಕೊಳ್ಳಿ. 4,800 ಗಂಟೆ ಆಯಿತು. ಪೂರ್ಣಾವಧಿ ನೌಕರರೊಬ್ಬರು ವಾರಕ್ಕೆ 40 ಗಂಟೆಯಂತೆ 48 ವಾರ ದುಡಿದರೆ 1,920 ಗಂಟೆ. ಅಂದರೆ ನಿಮ್ಮ ಹತ್ತಿರ ಕಾಗದದಲ್ಲಿ ಇಲ್ಲದ ಎರಡೂವರೆ ನೌಕರರಿದ್ದಾರೆ! ಅದೇ ಕೆಲಸಕ್ಕೆ ಸಂಬಳದವರನ್ನು ಇಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತ ಬೆಲೆ ಕಟ್ಟುವ ಈ ದಾರಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಕೈಪಿಡಿಯಲ್ಲೂ ಹೇಳಿದೆ. ಅಮೆರಿಕದ ಇಂಡಿಪೆಂಡೆಂಟ್ ಸೆಕ್ಟರ್ ಅನ್ನುವ ಸಂಸ್ಥೆ ಅಲ್ಲಿನ ಸ್ವಯಂಸೇವೆಯ ಒಂದು ಗಂಟೆಗೆ ಇಷ್ಟು ಅಂತ ಪ್ರಕಟಿಸುತ್ತದೆ, 2025ರಲ್ಲಿ ಅದು 34.79 ಡಾಲರ್. ಆ ಅಂಕಿಯನ್ನು ಹಾಗೇ ಎತ್ತಿ ನಿಮ್ಮ ಅರ್ಜಿಗೆ ಅಂಟಿಸಬೇಡಿ, ಓದುವವರಿಗೆ ನಗು ಬರುತ್ತದೆ. ನಿಮ್ಮಲ್ಲಿ ಪಾಠ ಹೇಳುವವರಿಗೆ ಗಂಟೆಗೆ ಏನು ಕೊಡುತ್ತಾರೋ ಅದನ್ನು ಹಾಕಿ.

ಕೆಲವು ದಾನಿಗಳು "ಅರ್ಧ ನಾವು ಕೊಡ್ತೀವಿ, ಉಳಿದದ್ದು ನಿಮ್ಮ ಪಾಲು" ಅನ್ನುತ್ತಾರೆ. ಆ ಪಾಲಿನಲ್ಲಿ ಈ ಗಂಟೆಗಳ ಬೆಲೆ ತೋರಿಸೋಕೆ ಹಲವರು ಒಪ್ಪುತ್ತಾರೆ, ಮೊದಲೇ ಕೇಳಿಕೊಳ್ಳಿ. ಬಂದ ಹೊತ್ತು, ಹೋದ ಹೊತ್ತು, ಸಹಿ ಇರುವ ರಿಜಿಸ್ಟರ್ ಬೇಕೇ ಬೇಕು. ಒಂದೇ ಗಂಟೆಯನ್ನು ಎರಡು ಗ್ರ್ಯಾಂಟ್‌ಗೆ ತೋರಿಸಬಾರದು.

ಬಿಟ್ಟು ಹೋದ 22 ಜನರದ್ದೂ ಬರೀರಿ. ಒಬ್ಬೊಬ್ಬರನ್ನು ಹುಡುಕಿ, ಮಾತಾಡಿಸಿ, ಕಲಿಸೋಕೆ 6 ಗಂಟೆ ಹಿಡಿದರೂ 132 ಗಂಟೆ ನೀರಿನಲ್ಲಿ ಹೋಮ. ಕೋಆರ್ಡಿನೇಟರ್ ಯಾಕೆ ಬೇಕು ಅನ್ನೋಕೆ ಬೇರೆ ವಾದ ಬೇಕಿಲ್ಲ.

ಕೈ ಸುಟ್ಟುಕೊಂಡವಳು:

ಒಂದು ಎಚ್ಚರಿಕೆ. ನಮಗೆ ಒಮ್ಮೆ ಗ್ರ್ಯಾಂಟ್ ಸಿಕ್ಕಿತು. ಖುಷಿಯಲ್ಲಿ ಎಲ್ಲ ಸ್ವಯಂಸೇವಕರಿಗೂ ತಿಂಗಳಿಗೆ ಇಷ್ಟು ಅಂತ ಗೌರವಧನ ಶುರು ಮಾಡಿದೆವು. ಎಲ್ಲರಿಗೂ ಒಂದೇ ಮೊತ್ತ, ರಸೀದಿ ಕೇಳಲಿಲ್ಲ. ಆಡಿಟರ್ ನೋಡಿ "ಇದು ಸಂಬಳದ ಹಾಗಿದೆಯಲ್ಲ, ಇವರು ನೌಕರರಾ?" ಅಂದರು. ದಾನಿಗಳು ಆ ಸಾಲನ್ನೇ ಹೊಡೆದು ಹಾಕಿದರು, ದುಡ್ಡು ವಾಪಸ್ ಕಟ್ಟಬೇಕಾಯಿತು. ಅದಕ್ಕಿಂತ ಬೇಜಾರಾದದ್ದು, ಗ್ರ್ಯಾಂಟ್ ಮುಗಿದ ಮೇಲೆ ಗೌರವಧನ ನಿಂತಿತು, ಅದರ ಜೊತೆ ಜನವೂ ನಿಂತರು. ಮೊದಲು ಸುಮ್ನೆ ಬರುತ್ತಿದ್ದವರೂ ಬರಲಿಲ್ಲ. ಈಗ ನಿಜವಾಗಿ ಖರ್ಚಾದದ್ದನ್ನು ಮಾತ್ರ, ಟಿಕೆಟ್ ಅಥವಾ ವೋಚರ್ ನೋಡಿ ಕೊಡ್ತೀವಿ.

ಇನ್ನೊಂದು, ಕೆಲವು ಗ್ರ್ಯಾಂಟ್‌ಗಳಲ್ಲಿ ನೀವು ಮೊದಲು ಖರ್ಚು ಮಾಡಬೇಕು, ಅವರು ಆಮೇಲೆ ಕೊಡ್ತಾರೆ. ಕೈಯಲ್ಲಿ ಮೂರು ತಿಂಗಳಿನ ದುಡ್ಡು ಇಲ್ಲದಿದ್ದರೆ ಅಂಥದ್ದಕ್ಕೆ ಕೈ ಹಾಕಬೇಡಿ.

ಮೂರನೇ ಬೆಂಚು:

ಎಲ್ಲರೂ ಅರ್ಜಿ ಅರ್ಜಿ ಅಂತಿದ್ದೀರಿ. ನಿಮ್ಮ 40 ಜನ ಹಗಲು ಹೊತ್ತು ಎಲ್ಲಿ ಕೆಲಸ ಮಾಡ್ತಾರೆ ಅಂತ ಕೇಳಿದ್ದೀರಾ? ಕೆಲವು ಕಂಪನಿಗಳು ತಮ್ಮ ನೌಕರರು ಎಷ್ಟು ಗಂಟೆ ಸ್ವಯಂಸೇವೆ ಮಾಡಿದರು ಅಂತ ನೋಡಿ ಆ ಸಂಸ್ಥೆಗೆ ದುಡ್ಡು ಕೊಡುತ್ತವೆ. ಇದನ್ನು ‘ಡಾಲರ್ಸ್ ಫಾರ್ ಡೂಅರ್ಸ್’ ಅಂತಲೂ ಕರೀತಾರೆ. ಅರ್ಜಿ ಹಾಕುವುದು ಸಾಮಾನ್ಯವಾಗಿ ನೌಕರರೇ, ನೀವು ಗಂಟೆಗಳನ್ನು ದೃಢೀಕರಿಸಿದರೆ ಸಾಕು. ಮೊತ್ತ ಚಿಕ್ಕದು, ಆದರೆ ಅದಕ್ಕೆ ಷರತ್ತುಗಳೂ ಕಮ್ಮಿ, ಬಸ್ಸಿನ ಖರ್ಚಿಗೆ ಧಾರಾಳವಾಗಿ ಆಗುತ್ತದೆ.

ಅಂದಹಾಗೆ ವಿಶ್ವಸಂಸ್ಥೆ 2026ನ್ನು ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ಪ್ರತಿ ಡಿಸೆಂಬರ್ 5 ಹೇಗೂ ಸ್ವಯಂಸೇವಕರ ದಿನ. ಅದನ್ನು ನೋಡಿ ಯಾರೂ ಚೆಕ್ ಬರೆಯಲ್ಲ, ಆದರೆ ಕಂಪನಿಯವರನ್ನು ಮಾತಾಡಿಸೋಕೆ ಒಂದು ನೆಪ ಸಿಗುತ್ತೆ.

ಸಂಜೆಪಾಠ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗ್ರೂಪಿನಲ್ಲಿ ಕೇಳಿದೆ. ಒಂಬತ್ತು ಜನ ಕಂಪನಿಗಳಲ್ಲಿದ್ದಾರೆ, ಇಬ್ಬರ ಕಂಪನಿಯಲ್ಲಿ ಆ ಯೋಜನೆ ಇದೆಯಂತೆ. ಅವರಿಗೂ ನಿನ್ನೆಯೇ ಗೊತ್ತಾದದ್ದು! ಅರ್ಜಿಯ ಮೊದಲ ಪುಟ ಹರಿದು ಹಾಕಿ ಮಕ್ಕಳಿಂದ ಶುರು ಮಾಡಿ ಬರೀತಿದ್ದೀನಿ. ಗೌರವಧನದ ಸಾಲು ನನ್ನ ಬಜೆಟ್ಟಿನಲ್ಲೂ ಇತ್ತು, ತೆಗೆದೆ. ಒಂದೇ ತೊಂದರೆ, ಕಳೆದ ವರ್ಷದ ರಿಜಿಸ್ಟರ್ ಇಟ್ಟಿಲ್ಲ. ನೆನಪಿನಿಂದ ತುಂಬಿಸಿದರೆ ನಡೆಯುತ್ತಾ?

ಲೆಕ್ಕದ ಪುಸ್ತಕ:

ಬೇಡ. ಕಳೆದ ವರ್ಷದ್ದನ್ನು ‘ಅಂದಾಜು’ ಅಂತ ಬರೆದು ಬಿಟ್ಟುಬಿಡಿ, ಸೋಮವಾರದಿಂದ ರಿಜಿಸ್ಟರ್ ಇಡಿ.