ಸಹಾಯ ಬೇಕು: 11:1 ಕಂಪ್ರೆಷನ್ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನದು 2 ಲೀಟರ್ ಪೆಟ್ರೋಲ್ ಎಂಜಿನ್, ಕಂಪ್ರೆಷನ್ 11:1 (ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹನ್ನೊಂದನೇ ಒಂದು ಭಾಗದ ಜಾಗಕ್ಕೆ ಒತ್ತುತ್ತದೆ). ಒಳಗೆ ಕಂಪನಿ ಪಿಸ್ಟನ್, ರಾಡ್‌ಗಳೇ ಇವೆ. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ (ಎಂಜಿನ್ ಬಲದಿಂದಲೇ ತಿರುಗಿ ಗಾಳಿ ಒತ್ತಿ ತುಂಬುವ ಪಂಪ್) ಹಾಕಬೇಕು ಅಂತಿದ್ದೇನೆ. ಬೂಸ್ಟ್ (ಹೆಚ್ಚುವರಿ ಗಾಳಿ ಒತ್ತಡ) 6 ಪಿಎಸ್‌ಐ ಸಾಕು. ರೇಸ್‌ಗಲ್ಲ, ದಿನಾ ಓಡಿಸುವ ಗಾಡಿ. ಬಾಳಿಕೆ ಬರಬೇಕು.

ನನ್ನ ಚಿಂತೆಯೆಲ್ಲ ನಾಕಿಂಗ್‌ದು. 6 ಪಿಎಸ್‌ಐ ಅಂದರೆ ಒಳಹೋಗುವ ಗಾಳಿಯ ಒತ್ತಡ ಸುಮಾರು 40% ಜಾಸ್ತಿ, ಮೇಲಾಗಿ ಆ ಗಾಳಿ ಬಿಸಿ. ಕಿಡಿ ಹಾರಿದ ಮೇಲೆ ಉಳಿದ ಮಿಶ್ರಣ ತಾನಾಗೇ ಸಿಡಿಯಬಹುದು, ಅದೇ ನಾಕಿಂಗ್. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕಿ, ಜೊತೆಗೆ ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಪಿಸ್ಟನ್ ಕರಗುತ್ತಿದೆ ಅಂತ. ಅಲ್ಲಿಗೆ ಹೋಗುವುದು ಬೇಡವೇ ಬೇಡ.

ಇಂಟರ್‌ಕೂಲರ್ (ಒಳಹೋಗುವ ಗಾಳಿ ತಂಪು ಮಾಡಲು), ದೊಡ್ಡ ಇಂಜೆಕ್ಟರ್, ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯಲು) ಖಚಿತ. ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸು ಅನ್ನುವವರಿದ್ದಾರೆ. ಆದರೆ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಸಂದು ಜಾಸ್ತಿಯಾದರೆ ನಾಕಿಂಗ್‌ಗೆ ಇನ್ನೂ ದಾರಿ ಮಾಡಿಕೊಟ್ಟ ಹಾಗೆ, ಅಲ್ವಾ? ನನಗದು ಒಪ್ಪಿಗೆಯಿಲ್ಲ.

ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹಾಕಿದರೆ (ಕಿಡಿ ತಡವಾಗಿ ಹಾರಿಸಿದರೆ) ಸಾಕಾಗುತ್ತಾ? ಅತಿಯಾದರೆ ಎಕ್ಸಾಸ್ಟ್ ಸುಡುತ್ತದೆ. ನೀರು-ಮೆಥನಾಲ್ ಇಂಜೆಕ್ಷನ್ (ಒಳಹೋಗುವ ಗಾಳಿ ತಂಪಾಗಲು ಸಿಂಪಡಿಸುವುದು) ಬೇಕಾ? ಇಲ್ಲ, ಫೋರ್ಜ್ಡ್ (ಒತ್ತಿ ಗಟ್ಟಿ ಮಾಡಿದ) ಪಿಸ್ಟನ್ ಹಾಕಿ ಕಂಪ್ರೆಷನ್ 9:1ಕ್ಕೆ ಇಳಿಸುವುದೇ ಸರಿಯಾ? ಇಂಥ ಎಂಜಿನ್ ವರ್ಷಗಟ್ಟಲೆ ಓಡಿಸಿದವರು ನಿಮ್ಮ ಬೂಸ್ಟ್, ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ), ಟೈಮಿಂಗ್ ಎಷ್ಟಿತ್ತು ಅಂತ ದಯವಿಟ್ಟು ತಿಳಿಸಿ.